ಜಂತಿಗೆ ಕಟ್ಟಿದ ಮೈಕು

ದಾವಲಬೀ ಬಚ್ಚಲಲ್ಲಿ ಜಾರಿ ಬಿದ್ದ ಹೊತ್ತಿಗೆ, ಮುಂದಿನ ಅಂಗಡಿಯಲ್ಲಿ ಅವಳ ಮಗ ರಾಜಾಸಾಬ ರಿಪೇರಿ ಮಾಡಿದ ಲೌಡ್‌ಸ್ಪೀಕರಿಗೆ ಹಾಡು ಹಚ್ಚಿ ನೋಡುತ್ತಿದ್ದ. ಗಂಗಾವತಿಯ ಆ ಓಣಿಯಲ್ಲಿ ಮದುವೆ, ಉರುಸು, ಚುನಾವಣೆ ಯಾವುದೇ ಇರಲಿ, ಮೈಕ್‌ಸೆಟ್ಟು ಅವನದೇ. ಮುಂದಿನ ಕೋಣೆ ಅಂಗಡಿ, ನಡುವೆ ಪಡಸಾಲೆ, ಆಮೇಲೆ ಅಡುಗೆಮನೆ, ಅದಕ್ಕೆ ಹತ್ತಿಕೊಂಡು ಮುದುಕಿಯ ಕೋಣೆ, ತೀರಾ ಹಿಂದೆ ಬಚ್ಚಲು. ಮುದುಕಿ ಮೊದಲು "ರಾಜಾ" ಎಂದು ಕೂಗಿದಳು. ಆಮೇಲೆ "ಯಾರಾರ ಬರ್ರೆಪ್ಪೋ" ಎಂದಳು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಇದ್ದಷ್ಟೂ ಉಸಿರು ಕೂಡಿಸಿ ಒದರಿದಳು. ಅದೇ ಸಂದಿನಲ್ಲಿ ಮಗ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದ.

ನೀರು ಕಾಯಿಸುವ ಹಂಡೆಯ ಒಲೆಗೂ ಗೋಡೆಗೂ ನಡುವೆ ಅವಳ ಮೈ ಸಿಕ್ಕಿಕೊಂಡಿತ್ತು. ಎಡಗೈ ಮೈಯ ಕೆಳಗೆ. ಹೊರಳಬೇಕೆಂದರೆ ಮೊಣಕಾಲು ಊರಬೇಕು, ಮೊಣಕಾಲು ಊರಿದರೆ ಪಾಚಿಗೆ ಜಾರುತ್ತಿತ್ತು. ಎಪ್ಪತ್ತು ದಾಟಿದ ಜೀವ. ಭತ್ತದ ಗದ್ದೆಯ ಕೆಸರಿನಲ್ಲಿ ಇಡೀ ಹರೆಯ ಕಳೆದು ಒಮ್ಮೆಯೂ ಬೀಳದವಳು ಈಗ ಗೇಣುದ್ದದ ಬಚ್ಚಲಲ್ಲಿ ಬಿದ್ದಿದ್ದೇನಲ್ಲ ಎಂದು ಮೊದಮೊದಲು ಅವಳಿಗೆ ನಾಚಿಕೆಯೇ ಆಯಿತು. ನಾಚಿಕೆ ಹೋಗಿ ಚಳಿ ಬಂತು. ಚಳಿಯ ಹಿಂದೆ, ಇಲ್ಲೇ ಮುಗಿಯಿತು ಎನ್ನುವ ಅಂಜಿಕೆ ಬಂತು. ಬಾಲವಾಡಿಯಲ್ಲಿ ಟೀಚರಾಗಿದ್ದ ಸೊಸೆ ನಸೀಮಾಬಿ ಸಂಜೆ ಮನೆಗೆ ಬಂದು ಕೈಕಾಲು ತೊಳೆಯಲು ಹೋದಾಗ ಕಂಡದ್ದು, ಗೋಡೆಗೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತ ಬಿದ್ದಿದ್ದ ಅತ್ತೆಯನ್ನು.

ಎಲುಬು ಮುರಿದಿರಲಿಲ್ಲ. ಮೊಣಕಾಲು ಬಾತಿತ್ತು, ಭುಜ ಕಪ್ಪಗಾಗಿತ್ತು. ಅವಳಿಗಿಂತ ಹೆಚ್ಚು ಪೆಟ್ಟಾದದ್ದು ರಾಜಾಸಾಬನಿಗೆ. ತಾಯಿಯ ಕಾಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ ಗಂಡಸು ಹೆಂಗಸರಂತೆ ಅತ್ತ.

"ನಾ ಹಾಡ ಹಚ್ಚಿದ್ದೆ ಅಮ್ಮಾ. ನೀ ಕೂಗತಿದ್ದಿ, ನಾ ಹಾಡ ಕೇಳಕೋಂತ ಕುಂತಿದ್ದೆ."

"ಇರ್ಲಿ ಬಿಡೋ. ಬದುಕೀನಲ್ಲ."

"ಇನ್ನೊಮ್ಮೆ ಹಿಂಗ ಆಗಗೊಡೂದಿಲ್ಲ."

ಮರುದಿನ ಏಣಿ ತಂದು ಅವಳ ಕೋಣೆಯ ಜಂತಿಗೆ ಒಂದು ಮೈಕು ಕಟ್ಟಿದ. ಅದರ ವೈರು ಜಂತಿಗುಂಟ ಹೋಗಿ, ಅಡುಗೆಮನೆ ದಾಟಿ, ಪಡಸಾಲೆಯ ಗೋಡೆಗುಂಟ ಅಂಗಡಿಯ ಒಂದು ಹಳೆಯ ಆಂಪ್ಲಿಫೈಯರಿಗೆ ಸೇರಿತು. ಅದಕ್ಕೊಂದು ಚಿಕ್ಕ ಸ್ಪೀಕರು. ಕರೆಂಟು ಹೋದರೂ ನಡೆಯಲಿ ಎಂದು ಬ್ಯಾಟರಿಗೆ ಜೋಡಿಸಿದ. ತಾಯಿಗೆ ತೋರಿಸಲು ಅಕ್ಕಿಯ ಚೀಲವೊಂದನ್ನು ಎತ್ತಿ ನೆಲಕ್ಕೆ ಒಗೆದ. ಅಂಗಡಿಯಲ್ಲಿ ನಿಂತಿದ್ದ ನಸೀಮಾಬಿ "ಕೇಳಿಸ್ತರೀ, ದಪ್ ಅಂತು" ಎಂದು ಅಲ್ಲಿಂದ ಕೂಗಿದಳು.

"ನೋಡಿದ್ಯಾ? ನೀ ಬಿದ್ದರ ನನಗ ಗೊತ್ತಾಗತೈತಿ. ಹಾಡ ಹಚ್ಚಿದ್ರೂ ಇದರ ಪೆಟ್ಟಿಗಿ ನನ್ನ ಕಿವಿ ಹಂತೇಲೆ ಇರತೈತಿ."

"ಮಾತೂ ಕೇಳಸ್ತೈತೇನೋ?"

"ಇಲ್ಲಮ್ಮಾ, ಸಣ್ಣ ಮಾಡಿ ಇಟ್ಟೀನಿ. ದೊಡ್ಡ ಸಪ್ಪಳ ಆದರ ಅಷ್ಟ."

ಆ ದಿನ ಅವನು ಹೇಳಿದ್ದು ಸುಳ್ಳಲ್ಲ. ಸಣ್ಣಗೇ ಇಟ್ಟಿದ್ದ. ಆದರೆ ಅಂಜಿದವನ ಕೈ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ದಿನ ತಾಯಿ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಳು ಎಂದು ಹೆಂಡತಿ ಹೇಳಿದ್ದೇ ತಡ, ಅಷ್ಟು ಕೆಮ್ಮಿದರೂ ನನಗೆ ಕೇಳಲಿಲ್ಲವಲ್ಲ ಎಂದು ದನಿ ಏರಿಸುವ ಗುಂಡಿಯನ್ನು ತುಸು ತಿರುಗಿಸಿದ. ಇನ್ನೊಂದು ದಿನ ಮತ್ತಷ್ಟು. ಅದನ್ನು ಅವನು ತಾಯಿಗೆ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಲೂ ಇಲ್ಲ.

ಮೈಕಿಗೆ ಕೇಳುವಷ್ಟೇ ಜಾಗದಲ್ಲಿ ಅವಳು ಇರಬೇಕೆಂದಾಯಿತು. ಮೊದಲು ಬಚ್ಚಲಿಗೆ ಒಬ್ಬಳೇ ಹೋಗುವುದು ಬಂದಾಯಿತು. ಬೆಳಿಗ್ಗೆ ನಸೀಮಾಬಿ ಕೆಲಸಕ್ಕೆ ಹೋಗುವ ಮುಂಚೆ ಕೈ ಹಿಡಿದು ಕರೆದೊಯ್ಯುತ್ತಿದ್ದಳು, ಮತ್ತೆ ಸಂಜೆ. ನಡುವೆ ಬೇಕಾದರೆ ಕೋಣೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಆಮೇಲೆ ಮನೆಯ ಬದಿಗಿದ್ದ, ಅಂಗಡಿಯಿಂದ ಕಾಣದ ಹೊರಗಿನ ಕಟ್ಟೆ ಹೋಯಿತು. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಓಣಿಯಲ್ಲಿ ಹೋಗಿಬರುವವರನ್ನು ಮಾತಾಡಿಸುವುದು ಅವಳ ಎಷ್ಟೋ ವರ್ಷಗಳ ರೂಢಿ.

"ಅಲ್ಲಿ ಬಿದ್ರ ನನಗ ಕೇಳಂಗಿಲ್ಲಮ್ಮಾ" ಎಂದ ಮಗ.

"ಅಲ್ಲಿ ಬಿದ್ರ ಓಣಿ ಮಂದಿ ಎಲ್ಲಾ ನೋಡತಾರಲ್ಲೋ!"

"ಬ್ಯಾಡ. ನನ್ನ ಜೀವ ನಿಲ್ಲೂದಿಲ್ಲ."

ಪ್ರೀತಿಯಿಂದ ಹೇಳಿದವನ ಮಾತು ಮೀರುವುದು ಬೈದು ಹೇಳಿದವನ ಮಾತು ಮೀರುವುದಕ್ಕಿಂತ ಕಷ್ಟ. ದಾವಲಬೀ ಒಳಗೆ ಕೂತಳು. ಕೋಣೆಗೆ ಒಂದೇ ಕಿಟಕಿ. ಅದರಾಚೆ ಅಕ್ಕಿ ಗಿರಣಿಯ ಹಿಂಗೋಡೆ. ಗಿರಣಿ ನಡೆದಾಗ ಕಿಟಕಿಯ ಸರಳಿನ ಮೇಲೆ ತೌಡಿನ ಧೂಳು ಕೂರುತ್ತಿತ್ತು. ಬೆರಳಿನಿಂದ ಅದನ್ನು ಒರೆಸುವುದೇ ಒಂದು ಕೆಲಸವಾಯಿತು.

ಒಂದು ಸುಖವೂ ಇತ್ತು. ಮಗ ಮೊದಲಿಗಿಂತ ಮೃದುವಾಗಿದ್ದ. "ಇವತ್ತ ಬಾಯಿ ಯಾಕೋ ಸಪ್ಪಗ ಐತಿ" ಎಂದು ಅವಳು ತನಗೆ ತಾನೇ ಗುನುಗಿಕೊಂಡ ದಿನ ಸಂಜೆಗೆ ಉಪ್ಪಿನಕಾಯಿಯ ಪುಡಿಕೆ ಬರುತ್ತಿತ್ತು. ನಮಾಜು ಮುಗಿಸಿ ದುವಾ ಬೇಡುವಾಗ, ಮಗ ಸೊಸೆಯೊಂದಿಗೆ ಸಿಡುಕುತ್ತಾನೆ, ಅವನಿಗೆ ಬುದ್ಧಿ ಕೊಡು ಎಂದು ಅಲ್ಲಾನ ಮುಂದೆ ಕೈ ಎತ್ತಿದಳು. ನಾಲ್ಕು ದಿನ ಅವನು ಹೆಂಡತಿಯ ಎದುರು ದನಿ ಏರಿಸಲಿಲ್ಲ. ತನ್ನ ದುವಾ ಇಷ್ಟು ಬೇಗ ಮೇಲೆ ಮುಟ್ಟುತ್ತದೆಯೇ ಎಂದು ಮುದುಕಿಗೆ ಕಣ್ಣಲ್ಲಿ ನೀರು ಬಂತು.

ಮಧ್ಯಾಹ್ನ ಬರುತ್ತಿದ್ದವಳು ಹುಲಗೆಮ್ಮ. ಎದುರುಸಾಲಿನ ಮನೆಯವಳು, ದಾವಲಬೀಗಿಂತ ಹತ್ತು ವರ್ಷ ಚಿಕ್ಕವಳು. ಕಾಲುವೆಗೆ ಮೊದಲ ಸಲ ನೀರು ಬಂದು ಈ ಕಡೆಯ ಹೊಲಗಳೆಲ್ಲ ಗದ್ದೆಗಳಾದ ಕಾಲದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಸಸಿ ನೆಟ್ಟವರು. ಒಬ್ಬಳ ಬುತ್ತಿ ಇನ್ನೊಬ್ಬಳು ಉಂಡವರು. ಗೆಳತಿಗೆ ಕಟ್ಟೆ ಬಂದಾದ ಮೇಲೆ ಹುಲಗೆಮ್ಮ ತಾನೇ ಹಿತ್ತಲ ಬಾಗಿಲಿನಿಂದ ಕೋಣೆಗೆ ಬಂದು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದಳು.

ಅವಳ ಕೊನೆಯ ಮಗಳು ಶಂಕ್ರಮ್ಮ. ಸಿದ್ದಾಪುರದ ಪಂಪಣ್ಣನಿಗೆ ಕೊಟ್ಟಿದ್ದರು. ಅವನು ಟ್ರ್ಯಾಕ್ಟರ್ ಹೊಡೆಯುವವನು, ಕೈ ತುಂಬ ದುಡಿಮೆ. ಅದೇ ಕೈ ಹೆಂಡತಿಯ ಮೇಲೂ ಬೀಳುತ್ತಿತ್ತು. ಸುಗ್ಗಿಯ ಹೊತ್ತಿಗೆ ಶಂಕ್ರಮ್ಮ ಗಂಡನ ಮನೆಯಿಂದ ಕಾಣೆಯಾದಳು. ಪಂಪಣ್ಣ ಬಂದು ಅತ್ತೆಯ ಮನೆಯ ಕಣಜದವರೆಗೆ ಇಣುಕಿ ನೋಡಿ ಹೋದ. ಬಾವಿ ಕೆರೆ ಎಲ್ಲ ಹುಡುಕಿಸಿದರು. ಹುಲಗೆಮ್ಮ ಓಣಿಯವರ ಎದುರು ಎದೆ ಬಡಿದುಕೊಂಡು ಅತ್ತಳು.

ಒಂದು ಮಧ್ಯಾಹ್ನ ಅವಳು ದಾವಲಬೀಯ ಹಾಸಿಗೆಗೆ ಹತ್ತಿ ಕೂತು ದನಿ ಇಳಿಸಿದಳು.

"ದಾವಲಕ್ಕ, ನಿನ್ನ ಹೊಟ್ಟ್ಯಾಗ ಇಟಕೊತೀ ಅಂದ್ರ ಒಂದ ಮಾತ ಹೇಳತೀನಿ."

"ನನ್ನ ಹೊಟ್ಟ್ಯಾಗ ನಿಂದು ಎಷ್ಟ ಅದಾವೋ. ಹೇಳು."

"ಶಂಕ್ರವ್ವ ಸತ್ತಿಲ್ಲ. ಕೊಪ್ಪಳದ ಬಲ್ಲಿ ಭಾಗ್ಯನಗರದಾಗ ಅದಾಳ. ನಮ್ಮ ಕಸ್ತೂರೆಮ್ಮ ಚಿಗವ್ವ ಇಲ್ಲೇನು, ಗಂಡ ಸತ್ತಾಕಿ, ಆಕಿ ಮನ್ಯಾಗ. ಅಲ್ಲಿ ಮಗ್ಗದವ್ರ ಮನಿಗೆ ನೂಲು ಸುತ್ತಾಕ ಹೋಗತಾಳಂತ. ಬೆನ್ನ ಮ್ಯಾಗಿನ ಬಾಸುಂಡಿ ಈಗ ಮಾಯಾಕತ್ತ್ಯಾವಂತ."

ದಾವಲಬೀ ಗೆಳತಿಯ ಕೈ ಹಿಡಿದುಕೊಂಡಳು. "ಛಲೋ ಮಾಡಿದಿ. ನನ್ನ ಗೋರಿಗೆ ಹೋಗೂ ಮಾತು ಇದು."

ಮೇಲೆ ಜಂತಿಯಲ್ಲಿ ಮೈಕು ತನ್ನ ಪಾಡಿಗೆ ತೂಗುತ್ತಿತ್ತು. ಅದು ಅಲ್ಲಿದೆ ಎನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು.

ಆ ವಾರ ಕಳೆಯುವಷ್ಟರಲ್ಲಿ ಹುಲಗೆಮ್ಮ ಹಿತ್ತಲ ಬಾಗಿಲಿನಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. ತಲೆಯ ಮೇಲೆ ಸೆರಗಿರಲಿಲ್ಲ.

"ಸಮಾಧಾನ ಆತೇನು ನಿನಗ?"

ದಾವಲಬೀಗೆ ಏನೂ ತಿಳಿಯಲಿಲ್ಲ. "ಏನಾತ ಹುಲಿಗಿ? ಒಳಗ ಬಾ."

"ಪಂಪಣ್ಣ ಸೀದಾ ಭಾಗ್ಯನಗರಕ್ಕ ಹೋಗ್ಯಾನ. ಕಸ್ತೂರೆಮ್ಮ ಚಿಗವ್ವನ ಮನಿ ಬಾಗಲಕ್ಕ. ಓಣಿ ಮಂದಿ ನೋಡತಿರಬೇಕಾದ್ರ ಆಕೀನ ಕೂದಲ ಹಿಡದು ಟ್ರ್ಯಾಕ್ಟರಿನಾಗ ಹಾಕ್ಕೊಂಡು ಹೋಗ್ಯಾನ. ಆ ಜಾಗ ಗೊತ್ತಿದ್ದದ್ದು ನನಗ, ಚಿಗವ್ವಗ. ಮೂರನೇದಾಕಿ ನೀನು."

"ಯಾ ಅಲ್ಲಾ! ನಾ ಯಾರಿಗೂ ಹೇಳಿಲ್ಲ ಹುಲಿಗಿ. ಈ ಕೋಣಿ ಬಿಟ್ಟು ಎಲ್ಲಿ ಹೋಗೀನಿ ನಾನು? ಯಾರಿಗೆ ಹೇಳಲಿ?"

"ಅದನ್ನ ನೀನ ಹೇಳಬೇಕು" ಎಂದು ಹುಲಗೆಮ್ಮ ತಿರುಗಿ ಹೋದಳು. ದಾವಲಬೀ ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಹಿತ್ತಲು ಖಾಲಿ.

ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಿದ್ದೆಯಲ್ಲಿ ಏನಾದರೂ ಬಡಬಡಿಸಿದೆನೇ ಎಂದು ಸೊಸೆಯನ್ನು ಕೇಳಿದಳು. ಸೊಸೆಗೆ ಆ ಮಾತೇ ಗೊತ್ತಿರಲಿಲ್ಲ. ತನ್ನ ಮೇಲೆ ತನಗೇ ಅನುಮಾನ ಹುಟ್ಟಿತು. ವಯಸ್ಸಾದ ತಲೆ, ಯಾರಿಗೋ ಹೇಳಿ ಮರೆತಿದ್ದೇನೆಯೇ? ಆದರೆ ಯಾರು ಬರುತ್ತಾರೆ ಈ ಕೋಣೆಗೆ? ತೌಡಿನ ಧೂಳಿನ ಹೊರತು ಇನ್ಯಾರೂ ಬರುವುದಿಲ್ಲ.

ಕೊನೆಗೆ, ಮಗನ ಜೊತೆ ಹುಲಗೆಮ್ಮನ ಮನೆಗೆ ಹೋಗಿ ಕುರಾನಿನ ಮೇಲೆ ಆಣೆ ಮಾಡಿ ಬರೋಣ ಎಂದು ನಿಶ್ಚಯಿಸಿದಳು. ಮಗನನ್ನು ಕೂಗಿ ಕರೆಯಲು ಮನಸ್ಸಾಗಲಿಲ್ಲ. ಗೋಡೆ ಹಿಡಿದು, ಅಡುಗೆಮನೆ ದಾಟಿ, ಪಡಸಾಲೆಯಲ್ಲಿ ಒಮ್ಮೆ ದಣಿವಾರಿಸಿಕೊಂಡು, ಮೈಕು ಬಂದ ಮೇಲೆ ಮೊದಲ ಸಲ ಅಂಗಡಿಯ ಹಿಂಬಾಗಿಲಿಗೆ ಬಂದಳು.

ರಾಜಾಸಾಬ ಇರಲಿಲ್ಲ, ಮದುವೆಗೆ ಒಯ್ಯುವ ಸೆಟ್ಟಿನ ಬ್ಯಾಟರಿ ಚಾರ್ಜಿಗೆ ಕೊಡಲು ಹೋಗಿದ್ದ. ಬೆಂಚಿನ ಮೇಲೆ ಮೂವರು ನಾಲ್ವರು ಕೂತಿದ್ದರು. ಅವರಲ್ಲಿ ಅಕ್ಕಿ ಗಿರಣಿಯ ಗುಮಾಸ್ತ ತಿರುಪತಿಯನ್ನು ಅವಳು ಬಲ್ಲಳು. ಸಿದ್ದಾಪುರದವನು, ದಿನಾ ಬಸ್ಸಿಗೆ ಓಡಾಡುವವನು, ಬಿಡುವಿದ್ದಾಗ ಇಲ್ಲಿ ಬಂದು ಬೀಡಿ ಸೇದುತ್ತ ಕೂರುವವನು.

ಅವಳು ಬಾಯಿ ತೆರೆಯುವ ಮೊದಲು ಸ್ಪೀಕರಿನ ಪೆಟ್ಟಿಗೆಯಿಂದ ಒಂದು ಸಪ್ಪಳ ಬಂತು. ಲೊಚ ಲೊಚ ಎಂದು ಏನೋ ನೆಕ್ಕುವ ಸಪ್ಪಳ. ಆಮೇಲೆ ತಟ್ಟೆ ನೆಲದ ಮೇಲೆ ಸರಿದದ್ದು. ಅದು ತನ್ನ ತಟ್ಟೆ. ಉಣ್ಣದೆ ಬಿಟ್ಟ ಹಾಲನ್ನವನ್ನು ಬೆಕ್ಕು ಬಂದು ತಿನ್ನುತ್ತಿತ್ತು. ಬೆಕ್ಕಿನ ಉಸಿರೂ ಕೇಳುತ್ತಿತ್ತು. ಕಿಟಕಿಯಾಚೆಯ ಗಿರಣಿಯ ಗುಂಯ್ ಎನ್ನುವ ದನಿಯೂ. ಯಾರೂ ಇಲ್ಲದ ತನ್ನ ಕೋಣೆ ಇಡೀ ಅಂಗಡಿಯಲ್ಲಿ ಬಂದು ಕೂತಿತ್ತು.

ದಾವಲಬೀ ಬಾಗಿಲ ಚೌಕಟ್ಟು ಹಿಡಿದಳು.

ತಿರುಪತಿ ಅವಳನ್ನು ನೋಡಿ ನಕ್ಕ. "ಬರ್ರಿ ಅಮ್ಮಾರ. ಏನು, ನಿಮ್ಮ ಗೆಳತಿ ಬರೂದ ಬಿಟ್ಟಾಳಲ್ಲರೀ? ನಮಗ ಮಧ್ಯಾಹ್ನ ಹೊತ್ತ ಹೋಗವಲ್ದಂಗ ಆಗೇತ್ರಿ."

ಉಳಿದವರೂ ನಕ್ಕರು. ಹೊಲಸು ನಗೆಯಲ್ಲ. ದಿನಾ ಕೇಳುವ ರೇಡಿಯೋ ನಿಂತರೆ ಆಡುವಂಥ ಮಾತು. ಅದೇ ಅವಳ ಎದೆಗೆ ಹೆಚ್ಚು ಇರಿಯಿತು. ಅವಳು ಇವರ ಎದುರು ಎಷ್ಟು ದಿನ ಕೆಮ್ಮಿದ್ದಳು, ನರಳಿದ್ದಳು, ಡಬ್ಬಿಯ ಮೇಲೆ ಕೂತಿದ್ದಳು, ಸತ್ತ ಗಂಡನನ್ನು ಮಾತಾಡಿಸಿದ್ದಳು.

"ಪಂಪಣ್ಣಗ ಹೇಳಿದಾಂವ ನೀನೇನು?" ಎಂದಳು.

ತಿರುಪತಿಯ ನಗೆ ಆರಿತು. ಬೀಡಿ ನೋಡಿಕೊಂಡ. "ನಮ್ಮ ಊರಾಂವ ಅದಾನಮ್ಮಾ. ಹೆಂಡ್ತಿ ಹುಡಕಿ ಹುಚ್ಚ ಆಗಿದ್ದ. ಗೊತ್ತಿದ್ದೂ ಹೇಳಲಿಲ್ಲಂದ್ರ ನಾಳೆ ನನ್ನ ಮ್ಯಾಲ ಬರತಿತ್ತು" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡ.

ರಾಜಾಸಾಬ ಬಂದಾಗ ತಾಯಿ ಅಂಗಡಿಯ ನೆಲದ ಮೇಲೆ ಕೂತಿದ್ದಳು. ಬಿದ್ದಳೆಂದೇ ತಿಳಿದು ಅವನು ಓಡಿ ಬಂದ. ಅವಳು ಅವನ ಕೈ ತಳ್ಳಿದಳು.

"ಸಣ್ಣ ಮಾಡಿ ಇಟ್ಟೀನಿ ಅಂದಿದ್ದೆಲ್ಲೋ."

ಅವನಿಗೆ ಎಲ್ಲ ತಿಳಿಯಲು ತುಸು ಹೊತ್ತು ಬೇಕಾಯಿತು. ತಿಳಿದ ಮೇಲೆ ಮುಖ ಕಪ್ಪಿಟ್ಟಿತು. "ನೀವಿಬ್ಬರು ಮಾತಾಡೂವಾಗ ನಾ ಖರೇನ ಕಿವಿ ಕೊಡತಿದ್ದಿಲ್ಲಮ್ಮಾ. ಹೆಣ್ಮಕ್ಕಳ ಮಾತು ಅಂತ ನನ್ನ ಕೆಲಸ ನಾ ಮಾಡತಿದ್ದೆ. ನಿನ್ನ ದನಿ ಬಂದ್ರ ಸಾಕು, ಅಮ್ಮ ಅದಾಳ ಅಂತ ಧೈರ್ಯ."

"ತೆಗದ ಹಾಕು ಅದನ್ನ."

"ಇನ್ನ ಮ್ಯಾಲ ಯಾರನ್ನೂ ಅಂಗಡ್ಯಾಗ ಕುಂಡ್ರಸೂದಿಲ್ಲ."

"ತೆಗದ ಹಾಕು ಅಂತೀನಿ."

"ಆಗೂದಿಲ್ಲಮ್ಮಾ." ಅವನ ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಆ ಬಚ್ಚಲದಾಗ ನೀ ಬಿದ್ದಿದ್ದು ಇನ್ನೂ ನನ್ನ ಕಣ್ಣಾಗ ಐತಿ. ನೀ ಏನರ ಬೈ, ಹೊಡಿ. ಅದು ಇರೂದ."

ಗಿರಾಕಿಗಳಿಲ್ಲದೆ ಅಂಗಡಿ ನಡೆಯುವುದುಂಟೇ? ನಾಲ್ಕು ದಿನಕ್ಕೆ ಬೆಂಚು ಮತ್ತೆ ತುಂಬಿತು. ದಾವಲಬೀ ಮಾತು ಬಿಟ್ಟಳು. ದುವಾ ತುಟಿಯೊಳಗೇ. ಕೆಮ್ಮು ಬಂದರೆ ಬಾಯಿಗೆ ಸೆರಗು ತುರುಕಿಕೊಂಡಳು. ಡಬ್ಬಿಯ ಕಡೆ ಹೋಗಲು ನಾಚಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಮೇಲೆ ನೋಡಿದರೆ ಮೈಕಿನ ಜಾಲರಿಯ ಮುಖ ಅವಳನ್ನೇ ನೋಡುತ್ತಿತ್ತು. ಗೋಡೆಯ ಕಡೆ ಹೊರಳಿ ಮಲಗಿದರೂ ಬೆನ್ನಿಗೆ ಅದರ ಭಾರ ತಿಳಿಯುತ್ತಿತ್ತು.

ಸುಮ್ಮನಿದ್ದದ್ದು ಇನ್ನೊಂದು ಕಷ್ಟ ತಂತು. ಸಪ್ಪಳವಿಲ್ಲದ ಪೆಟ್ಟಿಗೆ ಕಂಡು ಮಗ ಗಾಬರಿಯಾಗಿ ಓಡಿ ಬರುತ್ತಿದ್ದ. "ಅಮ್ಮಾ, ಯಾಕ ಸಪ್ಪಳಿಲ್ಲ?" ಎನ್ನುತ್ತಿದ್ದ. ಬಂದು ಬಂದು ಸಾಕಾಗಿ ಅವಳ ಕೈಗೆ ಒಂದು ಬೆತ್ತ ಕೊಟ್ಟ. "ಮಾತಾಡಬ್ಯಾಡ, ನಿನ್ನ ಖುಷಿ. ಆದ್ರ ಆಗಾಗ ಇದರ್ಲೆ ನೆಲಕ್ಕ ಕುಟ್ಟು. ನೀ ಅದೀ ಅಂತ ನನಗ ಗೊತ್ತಾಗಲಿ."

ಅಂದಿನಿಂದ ಕುಟ್ಟುವುದೇ ಅವಳ ಬದುಕಾಯಿತು. ಜೊಂಪು ಹತ್ತಿದರೆ ಮಗ ಬಂದು ಎಬ್ಬಿಸುತ್ತಾನೆಂಬ ಅಂಜಿಕೆಯಲ್ಲಿ ಎಚ್ಚರವಿರುತ್ತಿದ್ದಳು. ಟಕ್ ಟಕ್. ತಸಬಿಯ ಮಣಿ ಎಣಿಸುತ್ತಿದ್ದ ಕೈಗೆ ಬೆತ್ತ ಬಂತು. ಬದುಕಿದ್ದೇನೆ ಎಂದು ಬೆಂಚಿನ ಮೇಲಿನವರಿಗೆ ಹೇಳುತ್ತಲೇ ಇರಬೇಕು. ಜೈಲಿನಲ್ಲಿ ಕೈದಿಗಳನ್ನು ಎಣಿಸುತ್ತಾರಂತೆ, ಆದರೆ ಅಲ್ಲಿ ಎಣಿಸುವ ಕೆಲಸ ಪೊಲೀಸರದು, ಇಲ್ಲಿ ಅದೂ ನನ್ನದೇ ಎಂದುಕೊಂಡಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಸೀಮಾಬಿ ಪಕ್ಕದ ಮನೆಯವಳೊಂದಿಗೆ ಮಾತಾಡುತ್ತಿದ್ದದ್ದು ಕೇಳಿತು. ಪಂಪಣ್ಣ ಶಂಕ್ರಮ್ಮನನ್ನು ಮನೆಯೊಳಗೆ ಕೂಡಿ ಹೊರಗಿನಿಂದ ಕೀಲಿ ಹಾಕಿ ಟ್ರ್ಯಾಕ್ಟರಿಗೆ ಹೋಗುತ್ತಾನಂತೆ. ದಾವಲಬೀ ಬಹಳ ಹೊತ್ತು ಜಂತಿಯನ್ನೇ ನೋಡಿದಳು. ಸೊಸೆ ಕೆಲಸಕ್ಕೆ ಹೋದ ಮೇಲೆ ತನ್ನ ಟ್ರಂಕನ್ನು ಕೋಣೆಯ ನಡುವೆ ಸರಿಸಿದಳು. ಅದರ ಮೇಲೆ ಹಾಸಿಗೆಯ ಸುರುಳಿ ಇಟ್ಟಳು. ಮೈಕು ಕಿತ್ತು ಕಿಟಕಿಯಾಚೆ ಎಸೆಯಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಟ್ರಂಕು ಹತ್ತಿದಳು, ಸುರುಳಿಯ ಮೇಲೂ ಒಂದು ಕಾಲಿಟ್ಟಳು. ಬೆರಳಿಗೆ ವೈರು ತಾಕಿತು. ಹಿಡಿದು ಜಗ್ಗಿದಳು. ಮೈಕು ಬರಲಿಲ್ಲ, ಕಾಲ ಕೆಳಗಿನ ಸುರುಳಿ ಬಂತು.

ಮೈಕು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು. ಅವಳು ಬಿದ್ದ ಸಪ್ಪಳ ಅಂಗಡಿಗೆ ಮುಟ್ಟಿತು. ಅವಳಿಗೆ ನೋವು ಗೊತ್ತಾಗುವ ಮೊದಲೇ ರಾಜಾಸಾಬ ಬಂದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬೆಂಚಿನ ಮೇಲಿದ್ದವರೇ ಕೈ ಹಚ್ಚಿ ದವಾಖಾನೆಗೆ ಹೊತ್ತರು. ಸೊಂಟದ ಬಳಿ ಎಲುಬು ಮುರಿದಿತ್ತು. ಈ ವಯಸ್ಸಿಗೆ ಆಪರೇಷನ್ನು ತಡೆಯುವುದಿಲ್ಲ ಎಂದರು ಡಾಕ್ಟರು. ಮನೆಗೆ ತಂದು ಕಬ್ಬಿಣದ ಮಂಚದ ಮೇಲೆ ಮಲಗಿಸಿ, ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಎಲುಬು ಕೂಡಲೆಂದು ಮಂಚದಾಚೆಗೆ ಭಾರಕ್ಕೆ ಇಟ್ಟಿಗೆಗಳನ್ನು ತೂಗಬಿಟ್ಟರು. ಹೊರಳುವಂತಿಲ್ಲ, ಏಳುವಂತಿಲ್ಲ. ಕಣ್ಣು ತೆರೆದರೆ ನೇರ ಮೇಲೆ ಮೈಕು.

ನೋಡಲು ಬಂದವರೆಲ್ಲ ಅದನ್ನೇ ಹೊಗಳಿದರು. "ಎಂಥಾ ಮಗನ್ನ ಹಡದೀರಿ! ಮಷಿನ್ ಇರ್ಲಿಲ್ಲಂದ್ರ ಸಂಜೀತನಕ ಬಿದ್ದಿರತಿದ್ರಿ." ಕುಷ್ಟಗಿಯಿಂದ ಒಬ್ಬ ಬಂದು ತನ್ನ ಅಪ್ಪನ ಕೋಣೆಗೂ ಇಂಥದೊಂದು ಮಾಡಿಕೊಡು ಎಂದ. ರಾಜಾಸಾಬ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುತ್ತಿದ್ದ. ಟ್ರಂಕು ಕೋಣೆಯ ನಡುವೆ ಯಾಕೆ ಬಂದಿತ್ತು ಎಂದು ಅವನು ತಾಯಿಯನ್ನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಕೇಳಿದವಳು ನಸೀಮಾಬಿ. ಒಂದು ಭಾನುವಾರ ರಾಜಾಸಾಬ ಯಲಬುರ್ಗಾದ ಕಡೆ ಮದುವೆಗೆ ಮೈಕು ಕಟ್ಟಲು ಹೋಗಿದ್ದ. ಸೊಸೆ ಅತ್ತೆಯ ಮೈ ಒರೆಸುತ್ತಿದ್ದಳು.

"ಅದನ್ನ ಕೀಳಾಕ ಹತ್ತಿದ್ರೇನು ಅಮ್ಮಾ?"

ದಾವಲಬೀ ಕಣ್ಣು ಮುಚ್ಚಿದಳು. ಸೊಸೆ ಒರೆಸುವುದನ್ನು ನಿಲ್ಲಿಸಿದಳು. ಆಮೇಲೆ ಎದ್ದು ಏಣಿ ತರಲು ಹೊರಟಳು. ಮುದುಕಿ ಅವಳ ಸೆರಗು ಹಿಡಿದಳು.

"ತಡಿ. ಹುಲಿಗಿ ನೀರಿಗೆ ಬರತಾಳಲ್ಲ, ಅಂಗಡಿ ಎದುರಿನ ನಳಕ್ಕ?"

"ಬರತಾಳ. ಈಗ ನೀರ ಬಿಡೂ ಹೊತ್ತು."

"ನೀ ಅಂಗಡ್ಯಾಗ ಹೋಗಿ ನಿಂದ್ರು. ಆಕಿ ಬಂದ ಮ್ಯಾಲ ಪೆಟ್ಟಿಗಿ ಗುಂಡಿ ಎಷ್ಟ ತಿರಗತೈತೋ ಅಷ್ಟ ತಿರಗಸು. ಹೊರಗ ಕೇಳಸಬೇಕು."

ನಸೀಮಾಬಿ ಅತ್ತೆಯ ಮುಖ ನೋಡಿದಳು. ಅಂಗಡಿಗೆ ಹೋದಳು.

ಹುಲಗೆಮ್ಮ ಬಂದಳೋ ಇಲ್ಲವೋ, ಗುಂಡಿ ತಿರುಗಿತೋ ಇಲ್ಲವೋ ಒಳಗಿದ್ದ ದಾವಲಬೀಗೆ ಗೊತ್ತಾಗುವ ಬಗೆಯಿರಲಿಲ್ಲ. ಆ ವೈರಿನಲ್ಲಿ ಇಲ್ಲಿಯದು ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಯದು ಇಲ್ಲಿಗೆ ಬರುತ್ತಿರಲಿಲ್ಲ. ಕೊಡಗಳ ಗದ್ದಲ ದೂರದಲ್ಲಿ ಕೇಳಿದಂತಾದಾಗ ಅವಳು ಜಂತಿಯನ್ನು ನೋಡುತ್ತ ಮಾತು ಶುರು ಮಾಡಿದಳು. ಎಷ್ಟೋ ದಿನ ಬಳಸದ ದನಿ ಮೊದಲು ಹೊರಡಲಿಲ್ಲ.

"ಹುಲಿಗೀ... ನಾ ದಾವಲಿ. ಕೊಡ ಬಿಟ್ಟು ಹೋಗಬ್ಯಾಡ, ನಿಂತ ಕೇಳು. ಈಗ ನನ್ನ ಮಾತು ನಿನಗ ಹೆಂಗ ಕೇಳಾಕತ್ತೇತಲ್ಲ, ಅವತ್ತ ನೀ ನನ್ನ ಕಿವ್ಯಾಗ ಹೇಳಿದ್ದು ಅಂಗಡ್ಯಾಗ ಕುಂತವರಿಗೆ ಹಿಂಗ ಕೇಳೇತಿ. ಗಿರಣಿ ತಿರುಪತಿ ಕೇಳಿ ಪಂಪಣ್ಣಗ ಹೇಳ್ಯಾನ. ಮೈಕು ನನ್ನ ನೆತ್ತಿ ಮ್ಯಾಲೆ ಇತ್ತು, ಅದು ಇಷ್ಟ ಕೇಳಸ್ತೈತಿ ಅಂತ ನನಗ ಗೊತ್ತಿರಲಿಲ್ಲ. ಗೊತ್ತ ಮಾಡಿಕೊಳ್ಳಬೇಕಿತ್ತು. ನಿನ್ನ ಮಗಳು ನನ್ನ ಕೋಣ್ಯಾಗಿಂದನ ಸಿಕ್ಕಬಿದ್ಲು. ನಿನ್ನ ಮನಿಗೆ ಬಂದು ಹೇಳಬೇಕಂದ್ರ ನನ್ನ ಕಾಲಿಗೆ ಇಟ್ಟಂಗಿ ಕಟ್ಯಾರ. ನೀ ಬೈ, ಉಗುಳು. ಆದ್ರ ದಾವಲಿ ಮಾರಿದ್ಲು ಅಂತ ಮಾತ್ರ ಅನಕೋಬ್ಯಾಡ. ಓಣ್ಯಾಗ ಯಾರ ಯಾರ ಕೇಳಾಕತ್ತೀರಿ, ನೀವೂ ಕೇಳ್ರಿ. ಆ ಹುಡುಗೀನ ಕೀಲಿ ಹಾಕಿ ಕೂಡ್ಯಾನ. ಗೊತ್ತಿದ್ದೂ ಸುಮ್ಮನ ಕುಂತೀರೇನು?"

ಅಲ್ಲಿಗೆ ಉಸಿರು ಮುಗಿಯಿತು. ನಳದ ಸಪ್ಪಳವೂ ಇಲ್ಲ, ಜನರ ಸಪ್ಪಳವೂ ಇಲ್ಲ. ಗೋಡೆಗೆ ಹೇಳಿದೆನೇ ಎಂದು ಅವಳಿಗೆ ಅನ್ನಿಸಿತು. ಕಣ್ಣ ನೀರು ಕಿವಿಯೊಳಗೆ ಇಳಿಯಿತು, ಒರೆಸಿಕೊಳ್ಳಲೂ ಆಗದಷ್ಟು ಕೈ ಸೋತಿತ್ತು.

ಹಿತ್ತಲ ಬಾಗಿಲು ಕಿರ್ ಎಂದಿತು. ಹುಲಗೆಮ್ಮ ಬಂದು ಮಂಚದ ಬಳಿ ನಿಂತಳು. ಸೀರೆಯ ಅಂಚು ಒದ್ದೆಯಾಗಿತ್ತು. ಇಟ್ಟಿಗೆ ನೋಡಿದಳು, ಜಂತಿ ನೋಡಿದಳು, ತುಟಿಗೆ ಬೆರಳಿಟ್ಟಳು. ಏಣಿ ತಂದದ್ದು ನಸೀಮಾಬಿ, ಹತ್ತಿದ್ದು ಹುಲಗೆಮ್ಮ. ವೈರು ಎಳೆದು ಮೈಕು ಕಿತ್ತು ನೆಲದ ಮೇಲಿಟ್ಟು, ಮೇಲೆ ಕೌದಿ ಮುಚ್ಚಿದ ಮೇಲೆಯೇ ಅವಳು ಮಾತಾಡಿದ್ದು.

"ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ" ಎಂದಳು. "ಆದ್ರ ಬಂದೀನಿ."

ಸಂಜೆ ರಾಜಾಸಾಬ ಬರುವಷ್ಟರಲ್ಲಿ ಓಣಿಯಲ್ಲೆಲ್ಲ ಅದೇ ಸುದ್ದಿ. ಅವನು ಕೋಣೆಯ ಹೊಸ್ತಿಲಲ್ಲಿ ನಿಂತ, ಬರಿದಾದ ಜಂತಿ ನೋಡಿದ, ತಾಯಿಯನ್ನು ನೋಡಿದ. ಬೈಯಲಿಲ್ಲ. ಮರುದಿನ ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಹುಲಗೆಮ್ಮನ ಜೊತೆ ಸಿದ್ದಾಪುರಕ್ಕೆ ಹೋದ. ಮೊದಲ ಸಲ ಪಂಪಣ್ಣ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಆ ಊರಿನವರೇ ನಾಲ್ಕು ಮಂದಿ ಇವರ ಜೊತೆ ನಿಂತರು. ಕೀಲಿ ಬಿಚ್ಚಿತು. ಶಂಕ್ರಮ್ಮ ತವರಿಗೆ ಬಂದಳು, ಆದರೆ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹೊರಗೆ ಟ್ರ್ಯಾಕ್ಟರ್ ಸಪ್ಪಳವಾದರೆ ಅಡುಗೆಮನೆಯ ಮೂಲೆಗೆ ಸರಿಯುತ್ತಿದ್ದಳು. ತಿರುಪತಿ ಅಂಗಡಿಯ ಕಡೆ ಬರುವುದನ್ನು ಬಿಟ್ಟ.

ರಾಜಾಸಾಬ ಒಂದು ದಿನ ಕೈಯಲ್ಲಿ ಹಿಡಿಯುವಂಥ ಬೇರೆ ಮೈಕು ತಂದು ತಾಯಿಯ ದಿಂಬಿನ ಬಳಿ ಇಟ್ಟ. ಅದರ ಕುತ್ತಿಗೆಯಲ್ಲಿ ಒಂದು ಸ್ವಿಚ್ಚಿತ್ತು.

"ಇದನ್ನ ಮ್ಯಾಲ ಮಾಡಿದ್ರ ಅಷ್ಟ ಕೇಳಸ್ತೈತಿ. ನಿನ್ನ ಕೈಯಾಗ ಐತಿ."

ಅವಳು ಸ್ವಿಚ್ಚನ್ನು ಕೆಳಗೆ ಮಾಡಿದಳು. ಅವನು ಅದನ್ನೇ ನೋಡುತ್ತ ನಿಂತ.

"ಆದ್ರ ಅಮ್ಮಾ, ಎಚ್ಚರ ತಪ್ಪಿದ್ರ? ಸ್ವಿಚ್ ಒತ್ತಾಕ ಆಗದಂಗ ಆದ್ರ?"

"ಆಗಬಹುದು" ಎಂದಳು ದಾವಲಬೀ. "ಆದ್ರ ಆಗಲಿ."

ಅವನು ಅಂಗಡಿಗೆ ಹೋದ. ಪೆಟ್ಟಿಗೆ ಸುಮ್ಮನಿತ್ತು. ಒಂದು ತಂತಿ ಬೆಸೆಯುವುದರೊಳಗೆ ಅವನ ಕೈ ನಿಂತಿತು. ಎದ್ದು ಒಳಗೆ ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, ತಾಯಿಗೆ ಕೇಳಲೆಂದು ಒಮ್ಮೆ ಕೆಮ್ಮಿದ. ಒಳಗೆ ಬಾ ಎಂದು ಅವಳು ಹೇಳುವವರೆಗೆ ಅಲ್ಲೇ ಕಾದ.